ಹೊಸದೆಲ್ಲ ಮೊದಲು ರತ್ನಳಿಗೆ

ಶಿಡ್ಲಘಟ್ಟ
೯-೨-೧೯೫೮

ಚಿ. ಸೌ. ವರಲಕ್ಷ್ಮಿಗೆ ಅಮ್ಮಾಜಮ್ಮನ ಆಶೀರ್ವಾದ.

ಇಲ್ಲಿ ನಾನು, ನಮ್ಮ ಯಜಮಾನರು ಇದ್ದ ಹಾಗೇ ಇದ್ದೇವೆ. ಮಂಚೇನಹಳ್ಳಿಯಲ್ಲಿ ನೀನು, ಅಳಿಯಂದಿರು, ನಿಮ್ಮತ್ತೆ, ನನ್ನ ಮೊಮ್ಮಗಳು ಸುಗುಣ ಹೇಗಿದ್ದೀರಿ, ಬರೆಯುವುದು.

ಬಟ್ಟೆ ಗಂಟು ಹೊತ್ತು ಸಂತೆ ಸಂತೆ ತಿರುಗುವ ನಮ್ಮೂರ ಬಯ್ಯಪ್ಪನ ಕೈಯಲ್ಲಿ ಈ ಕಾಗದವನ್ನೂ ಒಂದು ಚೀಲವನ್ನೂ ಕೊಟ್ಟಿದ್ದೇನೆ. ಚೀಲದಲ್ಲಿ ನಿನಗೊಂದು ಸೀರೆ ಇದೆ, ಅರಿಸಿನದ ಬಣ್ಣ, ಕೆಂಪಂಚು. ಸುಗುಣಳಿಗೆ ಲಂಗದ ಬಟ್ಟೆ, ರಿಬ್ಬನ್ನು, ಬಳೆ. ಹೋದ ತಿಂಗಳು ಕಳಿಸಿದ ಬಟ್ಟೆಯನ್ನೇ ಇನ್ನೂ ಹೊಲಿಸಿಲ್ಲವೆಂದು ಬಯ್ಯಪ್ಪ ಹೇಳಿದ. ಹೊಲಿಸಮ್ಮ. ಮಗು ಬೆಳೆಯುವುದು ದರ್ಜಿಗೆ ಕಾಯುವುದಿಲ್ಲ.

ನಾನೇನು ಕೊಳ್ಳಬೇಕೆಂದು ಹೋಗುವುದಿಲ್ಲ. ಹುಣಸೆಹಣ್ಣು ತರಲು ಹೋಗುತ್ತೇನೆ. ಅಂಗಡಿ ಬೀದಿಯಲ್ಲಿ ಕಣ್ಣು ಒಂದು ಬಣ್ಣದ ಮೇಲೆ ನಿಲ್ಲುತ್ತದೆ, ಕೈ ಮುಂದಾಗುತ್ತದೆ. ಮನೆಗೆ ಬಂದು ನೋಡಿದರೆ ಹುಣಸೆಹಣ್ಣೇ ಇರುವುದಿಲ್ಲ. "ಇವತ್ತು ಸಾರಿಗೆ ರಿಬ್ಬನ್ ಹಿಂಡ್ತೀಯೇನೇ?" ಎಂದು ಯಜಮಾನರು ಆಡಿಕೊಳ್ಳುತ್ತಾರೆ.

ಯಾವುದನ್ನೂ ರತ್ನಳ ಮುಂದೆ ಇಡದೆ ಉಡಬೇಡ, ತೊಡಬೇಡ. ನೀನು ಆ ಮನೆಗೆ ಎರಡನೆಯವಳಾಗಿ ಬಂದ ದಿನ ನಿನ್ನ ತಾಳಿಯ ಪಕ್ಕದಲ್ಲಿ ಅವಳ ಹೆಸರಿನ ಬೆಳ್ಳಿ ಬಿಲ್ಲೆ ಪೋಣಿಸಿದ್ದನ್ನು ನಾನೂ ನಿಂತು ನೋಡಿದ್ದೇನೆ. ಹೊಸ ಸೀರೆ ಮೊದಲು ಹೋದವಳಿಗೆ, ಆಮೇಲೆ ಇರುವವಳಿಗೆ. ಮಗುವಿನ ಬಟ್ಟೆಗೆ ಆ ಶಾಸ್ತ್ರವಿಲ್ಲ, ಆದರೂ ಅದನ್ನೂ ಇಡು. ತಾಯಿಗೆ ನೋಡಬೇಕೆನಿಸುತ್ತದೆ. ಚೊಂಬಿಗೆ ನೀರು ತುಂಬಿ ಕುಂಕುಮವಿಟ್ಟು, ಬಟ್ಟೆ ಹೊದಿಸಿ, ಬಾಯಿಬಿಟ್ಟು ಹೆಸರು ಹಿಡಿದು ಕರೆಯಬೇಕು. ಮನಸ್ಸಿನಲ್ಲಿ ಅಂದುಕೊಂಡರೆ ಸಾಲದು.

ಬೇಸಿಗೆ ರಜಕ್ಕೆ ಸುಗುಣಳನ್ನು ಕರೆದುಕೊಂಡು ಬರಲು ಅಳಿಯಂದಿರಿಗೆ ನೆನಪು ಮಾಡು.

ಇಂತಿ,
ರತ್ನಳ ತಾಯಿ ಅಮ್ಮಾಜಮ್ಮ

*

ಮಂಚೇನಹಳ್ಳಿ
೨-೩-೧೯೫೮

ಪೂಜ್ಯ ಅಮ್ಮನವರಿಗೆ ವರಲಕ್ಷ್ಮಿ ಮಾಡುವ ನಮಸ್ಕಾರಗಳು.

ಚೀಲ ತಲುಪಿತು. ಸೀರೆ ತುಂಬ ಚೆನ್ನಾಗಿದೆ. ನೀವು ಹೇಳಿದ ಹಾಗೆ ಎಲ್ಲವನ್ನೂ ಅಕ್ಕನ ಮುಂದೆ ಇಟ್ಟು ಕರೆದೆವು. ಅತ್ತೆಯವರು ಒಬ್ಬಟ್ಟು ಮಾಡಿ ಎಡೆ ಇಟ್ಟರು. ನನಗೀಗ ಮೂರು ತಿಂಗಳು. ಇಂಥ ಹೊತ್ತಿನಲ್ಲಿ ಮೊದಲಿನವಳಿಗೆ ಏನೂ ಕಡಿಮೆಯಾಗಬಾರದೆಂದು ಅತ್ತೆಯವರಿಗೆ ಭಯ.

ಅಮ್ಮ, ಒಂದು ವಿಷಯ ಬರೆಯಬೇಕು. ಎರಡು ಸಲ ಬರೆದು ಹರಿದೆ. ಇದು ಮೂರನೆಯದು. ತಪ್ಪಿದ್ದರೆ ಮಗಳೆಂದು ಮನ್ನಿಸಬೇಕು.

ನಾನು ಚೊಂಬಿನ ಮುಂದೆ ಕೂತು "ಅಕ್ಕಾ, ಬಾ, ಮೊದಲು ನೀನು ಉಟ್ಟುಕೋ, ಆಮೇಲೆ ನನಗೆ ಕೊಡು" ಎನ್ನುವಾಗ ಸುಗುಣ ನನ್ನ ಪಕ್ಕದಲ್ಲೇ ಕೂತಿರುತ್ತಾಳೆ. "ಯಾರನ್ನ ಕರೀತಿದೀಯ?" ಎಂದು ಮೊದಲನೆಯ ಸಲ ಕೇಳಿದಾಗ ಅತ್ತೆಯವರು "ನಿಮ್ಮಮ್ಮನ್ನ" ಎಂದರು. "ಬರ್ತಾಳಾ?" "ಬರ್ತಾಳೆ, ಸುಮ್ನೆ ಕೂತ್ಕೋ." ಅಂದಿನಿಂದ ಬಯ್ಯಪ್ಪ ಬೀದಿ ತಿರುವಿನಲ್ಲಿ ಕಂಡರೆ ಸಾಕು, ಮಗು ಕೈಕಾಲು ಮುಖ ತೊಳೆದುಕೊಂಡು ಬಂದು ಹೊಸ್ತಿಲ ಹತ್ತಿರ ಕೂರುತ್ತದೆ. ಊಟಕ್ಕೆ ಕರೆದರೆ "ಅಮ್ಮ ಬಂದು ತಿನ್ನಿಸ್ತಾಳೆ" ಅನ್ನುತ್ತದೆ. ಕೂತಲ್ಲೇ ನಿದ್ದೆ ಹೋಗುತ್ತದೆ. ಬೆಳಿಗ್ಗೆ ಎದ್ದು "ನಾನು ಮಲಗಿದ್ದಾಗ ಬಂದು ಹೋದ್ಳಾ? ಯಾಕೆ ನನ್ನ ಎಬ್ಬಿಸ್ಲಿಲ್ಲ?" ಎಂದು ನನ್ನನ್ನು ಹೊಡೆಯುತ್ತದೆ. ಈ ಸಲ ನಾನು ಹಳದಿ ಸೀರೆ ಉಟ್ಟಾಗ ಸೆರಗು ಹಿಡಿದು ಎಳೆದಳು. "ಅದು ನಮ್ಮಮ್ಮಂದು, ಬಿಚ್ಚು" ಅಂದಳು. ನಾನು ಬಿಚ್ಚಿ ಮಡಿಸಿಟ್ಟೆ.

ಹೊಸದು ಬಂದರೆ ಕರೆಯದೆ ಇರಲು ಅತ್ತೆಯವರು ಬಿಡುವುದಿಲ್ಲ, ನನಗೂ ಧೈರ್ಯವಿಲ್ಲ. ಹೊಸದೇ ಬಾರದಿದ್ದರೆ ಕರೆಯಬೇಕಾಗಿಲ್ಲ. ಒಂದು ವರ್ಷ ಏನೂ ಕೊಳ್ಳದೆ, ಏನೂ ಕಳಿಸದೆ ಇರಲು ಆಗುತ್ತದೆಯೇ ಅಮ್ಮ? ಮಗು ಕಾಯುವುದನ್ನು ಬಿಡುವವರೆಗೆ. ನಾನೂ ನನಗಾಗಿ ಏನೂ ಕೊಳ್ಳುವುದಿಲ್ಲ.

ನಾನು ಹೀಗೆ ಬರೆದದ್ದು ಇಲ್ಲಿ ಯಾರಿಗೂ ಗೊತ್ತಿಲ್ಲ.

ನಿಮ್ಮ ಆಶೀರ್ವಾದದಲ್ಲಿರುವ,
ವರಲಕ್ಷ್ಮಿ

*

ಶಿಡ್ಲಘಟ್ಟ
೧೦-೩-೧೯೫೮

ವರಲಕ್ಷ್ಮಿಗೆ,

ಕಾರ್ಡಿನಲ್ಲೇ ಬರೆಯುತ್ತಿದ್ದೇನೆ. ಓದುವವರು ಓದಲಿ. ನನ್ನ ಮಗಳನ್ನು ತಿಂಗಳಿಗೊಮ್ಮೆ ಹೆಸರು ಹಿಡಿದು ಕರೆಯುವುದು ನಿನಗೆ ಇಷ್ಟು ಬೇಗ ಭಾರವಾಯಿತು. ಅವಳು ಬೆಳಗಿದ ಒಲೆ, ಅವಳು ಸಾರಿಸಿದ ನೆಲ, ಅವಳು ಹೆತ್ತ ಮಗು. ಮಗು ತಾಯಿಯನ್ನು ಕೇಳದೆ ಇನ್ನೇನು ಕೇಳುತ್ತದೆ? ಚಿಕ್ಕಬಳ್ಳಾಪುರದ ಬಸ್ಸಿನ ಕಂಡಕ್ಟರ್ ಆವುಲಪ್ಪನ ಕೈಯಲ್ಲಿ ಸುಗುಣಳಿಗೆ ಬೆಳ್ಳಿ ಗೆಜ್ಜೆ ಕಳಿಸಿದ್ದೇನೆ. ಯುಗಾದಿಗೆ ಹಾಕಿ. ಮೊದಲು ರತ್ನಳ ಮುಂದೆ ಇಡಿ.

ಅಮ್ಮಾಜಮ್ಮ

*

ಮಂಚೇನಹಳ್ಳಿ
೧೮-೩-೧೯೫೮

ಪೂಜ್ಯ ಅತ್ತೆಯವರ ಪಾದಗಳಿಗೆ ನರಸಿಂಹಪ್ಪನ ನಮಸ್ಕಾರ.

ಗೆಜ್ಜೆ ಬಂದ ದಿನ ನಮ್ಮ ತಾಯಿ ಚೊಂಬಿಟ್ಟು ಕರೆಸಿದರು. ಮಗು ಎಂದಿನಂತೆ ಕಾದು ಮಲಗಿತು. ಮಾರನೆಯ ದಿನ ನಾನು ಸ್ಕೂಲಿಗೆ ಹೋದ ಮೇಲೆ ಗೆಜ್ಜೆಯನ್ನು ಲಂಗದಲ್ಲಿ ಕಟ್ಟಿಕೊಂಡು ಸುಗುಣ ಮನೆ ಬಿಟ್ಟಿದ್ದಾಳೆ. ವರಲಕ್ಷ್ಮಿ ಬಾವಿ ನೋಡಿ ಬಂದಳು, ಕೆರೆ ನೋಡಿ ಬಂದಳು. ಅವಳ ಈ ಸ್ಥಿತಿಯಲ್ಲಿ ಏರಿಯ ಮೇಲೆ ಓಡಿ ಬಿದ್ದಿದ್ದಾಳೆ. ಮಗು ಸಿಕ್ಕಿದ್ದು ಚಿಕ್ಕಬಳ್ಳಾಪುರದಲ್ಲಿ. ಯಾರದೋ ಸೆರಗಿನ ಮರೆಯಲ್ಲಿ ಬಸ್ಸು ಹತ್ತಿ ಅಲ್ಲಿಗೆ ಹೋಗಿ ಇಳಿದಿತ್ತು. ಪುಣ್ಯಕ್ಕೆ ಆವುಲಪ್ಪನ ಕಣ್ಣಿಗೆ ಬಿತ್ತು. "ಯಾಕಮ್ಮ ಒಬ್ಬಳೇ ಬಂದೆ?" ಎಂದರೆ "ಅಮ್ಮ ನಮ್ಮೂರಿಗೆ ಬರ್ತಾ ಇಲ್ಲ, ಅದಕ್ಕೆ ನಾನೇ ತೋರ್ಸಕ್ಕೆ ಹೊರಟಿದೀನಿ" ಅಂದಳಂತೆ.

ಅತ್ತೆ, ರತ್ನ ನನಗೂ ಬೇಕಾದವಳೇ. ಅದನ್ನು ಕಾಗದದಲ್ಲಿ ಬರೆಯಲು ನನಗೆ ಬರುವುದಿಲ್ಲ. ಆದರೆ ಅವಳು ಬಿಟ್ಟುಹೋದ ಮಗುವನ್ನು ಉಳಿಸಿಕೊಳ್ಳಬೇಕು. ಈ ಬೇಸಿಗೆಗೆ ಸುಗುಣಳನ್ನು ಕಳಿಸುವುದಿಲ್ಲ. ವಸ್ತುಗಳು ಬರುವುದು ನಿಂತು, ಮಗು ಕಾಯುವುದು ನಿಂತು, ಒಂದು ವರ್ಷ ಕಳೆಯಲಿ. ಬರುವ ವರ್ಷ ನಾನೇ ಕರೆತಂದು ಬಿಡುತ್ತೇನೆ. ಅಲ್ಲಿಯವರೆಗೆ ತಾವೂ ಬರುವುದು ಬೇಡ. ಮಾವನವರಿಗೆ ತಿಳಿಸಿ.

ವರಲಕ್ಷ್ಮಿಗೆ ಏನೂ ಆಗಿಲ್ಲ. ಮಲಗಿದ್ದಾಳೆ.

ತಮ್ಮ ಅಳಿಯ,
ನರಸಿಂಹಪ್ಪ

*

ಶಿಡ್ಲಘಟ್ಟ
೩೦-೩-೧೯೫೮

ವರಲಕ್ಷ್ಮಿಗೆ ಆಶೀರ್ವಾದ.

ಬಿದ್ದೆಯಂತೆ. ಈಗ ಹೇಗಿದ್ದೀಯ? ಹೊಟ್ಟೆಯಲ್ಲಿ ಮಗು ಆಡುವ ಕಾಲ ಬಂದಾಗ ಒಂದು ಗೆರೆ ಬರೆ. ನೀನು ಬರೆಯದಿದ್ದರೆ ಕೇಳುವ ಮುಖ ನನಗಿಲ್ಲ.

ಅಳಿಯಂದಿರ ಕಾಗದವನ್ನು ಅಡುಗೆ ಮನೆಯಲ್ಲಿ ನಿಂತು ಓದಿದೆ. ಅಲ್ಲೇ ಕೂತೆ. ಸಾರು ಸೀದು ಹೋಗುವ ವಾಸನೆಗೆ ಯಜಮಾನರು ಹಿತ್ತಲಿನಿಂದ ಬಂದರು. ಅವರು ಅಲ್ಲಿ ರೇಷ್ಮೆ ಗೂಡು ಬೇಯಿಸಿ ನೂಲು ಬಿಚ್ಚಿಸುತ್ತಿದ್ದರು. ಅಷ್ಟು ವಾಸನೆಯ ನಡುವೆಯೂ ಇದು ಅವರಿಗೆ ತಿಳಿಯಿತು. ಕಾಗದ ತೆಗೆದುಕೊಂಡು ಓದಿದರು. ಒಲೆಯ ಮೇಲಿನ ಪಾತ್ರೆ ಇಳಿಸಿ ಹೋದರು.

ಈ ಯುಗಾದಿಯಿಂದ ಬರುವ ಯುಗಾದಿಯವರೆಗೆ ನಾನು ಹೊಸದು ಕೊಳ್ಳುವುದಿಲ್ಲ. ಉಪ್ಪು, ಎಣ್ಣೆ, ಬೇಳೆ, ಅರಿಸಿನ ಕುಂಕುಮ, ಇಷ್ಟು ಬಿಟ್ಟು. ನಿಮಗೆ ಮಾತ್ರ ಕೊಳ್ಳುವುದಿಲ್ಲ ಎಂದರೆ ನಡೆಯದು, ನನ್ನ ಕೈ ನನಗೆ ಗೊತ್ತು. ತನಗೆ ಎಂದು ಕೊಂಡು ನಿಮಗೆ ಕಳಿಸಿಬಿಡುತ್ತದೆ. ಆದ್ದರಿಂದ ನನಗೂ ಇಲ್ಲ, ಯಜಮಾನರಿಗೂ ಇಲ್ಲ. "ಎಲೆ ಅಡಿಕೆ ಹೊಸದಾ ಹಳೇದಾ?" ಎಂದು ಅವರು ಕೇಳಿದರು. "ಅದು ಊಟಕ್ಕೆ ಸೇರಿದ್ದು" ಎಂದೆ. "ಬದುಕಿಕೊಂಡೆ ಬಿಡು" ಎಂದರು.

ಒಂದು ಮಾತು ನಿನಗೆ ತಿಳಿದಿರಲಿ. ನಮ್ಮ ಮನೆಯಲ್ಲಿ ರತ್ನಳ ಹೆಸರನ್ನು ಯಾರೂ ಎತ್ತುವುದಿಲ್ಲ. ಎರಡು ವರ್ಷದ ಹಿಂದೆ ಅವಳ ತಿಥಿ ಮುಗಿದ ಮಧ್ಯಾಹ್ನ ಯಜಮಾನರು "ಇನ್ನು ಈ ಮನೇಲಿ ಆ ಮಾತು ಬೇಡ" ಎಂದರು. ಕೋಪದಲ್ಲಿ ಅಂದದ್ದಲ್ಲ, ತಡೆಯಲಾರದೆ ಅಂದದ್ದು. ನೆರೆಯವರು ಅವಳ ಮಾತು ಬಂದರೆ ಮಳೆ ಬೆಳೆ ಎನ್ನುತ್ತಾರೆ. ಅವಳನ್ನು ಹೆಸರು ಹಿಡಿದು "ಬಾ" ಎನ್ನುವ ಬಾಯಿ ನಿನ್ನದೊಂದೇ ಉಳಿದಿತ್ತು. ಅದೂ ಹೊಸ ಬಟ್ಟೆ ಬಂದರೆ ಮಾತ್ರ. ಬಯ್ಯಪ್ಪ ಹೊರಟ ದಿನ ನಾನು ಇಲ್ಲಿ ಲೆಕ್ಕ ಹಾಕುತ್ತಿದ್ದೆ, ಈಗ ಮಂಚೇನಹಳ್ಳಿ ತಲುಪಿದ, ಈಗ ಚೊಂಬಿಟ್ಟರು, ಈಗ ಕರೆದರು ಎಂದು. ಪಕ್ಕದಲ್ಲಿ ಮಗು ಕೂತು ಕೇಳಿಸಿಕೊಳ್ಳುತ್ತದೆ ಎನ್ನುವುದು ನನಗೆ ಹೊಳೆಯಲಿಲ್ಲ. ನಾಲ್ಕು ವರ್ಷದ ಮಗು ಕರೆದರೆ ಬರುತ್ತಾರೆ ಎಂದೇ ತಿಳಿಯುತ್ತದಲ್ಲವೇ.

ಅವಳನ್ನು ಇನ್ನು ಕರೆಯಬೇಡ.

ಇಂತಿ,
ರತ್ನಳ ತಾಯಿ ಅಮ್ಮಾಜಮ್ಮ

*

ಮಂಚೇನಹಳ್ಳಿ
೮-೬-೧೯೫೮

ಪೂಜ್ಯ ಅಮ್ಮನವರಿಗೆ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ಹೊಟ್ಟೆಯಲ್ಲಿ ಆಡುತ್ತಿದೆ. ಮೊದಲು ಅತ್ತೆಯವರಿಗೆ ಹೇಳಿದೆ, ಎರಡನೆಯದಾಗಿ ನಿಮಗೆ ಬರೆಯುತ್ತಿದ್ದೇನೆ.

ನಾವೂ ಯುಗಾದಿಗೆ ಹೊಸದು ತರಲಿಲ್ಲ. ಒಗೆದ ಬಟ್ಟೆಗೆ ಅರಿಸಿನ ಹಚ್ಚಿ ಉಟ್ಟೆವು. ಅತ್ತೆಯವರು ಎರಡು ದಿನ ಮಾತಾಡಲಿಲ್ಲ. "ಮಗಳು ಸತ್ತವಳು ವ್ರತ ಹಿಡಿದರೆ ಬದುಕಿರೋರು ಯಾಕೆ ಹರಕಲು ಉಡಬೇಕು?" ಎಂದು ಪಕ್ಕದ ಮನೆಯವರ ಹತ್ತಿರ ಅಂದರು. ಹೋದ ವಾರ ಕೊಡ ಎತ್ತುವಾಗ ನನ್ನ ಬಳೆ ಒಡೆಯಿತು. ಬಳೆ ಬೇಕಾದದ್ದೋ ಬೇಡವಾದದ್ದೋ ಎಂದು ಮನೆಯಲ್ಲಿ ದೊಡ್ಡ ಪಂಚಾಯಿತಿ ನಡೆಯಿತು. ಮುತ್ತೈದೆಯ ಕೈ ಬರಿದಾಗಬಾರದು ಎಂದು ಅತ್ತೆಯವರು. ಹೊಸ ಬಳೆ ತಂದರೆ ಚೊಂಬಿಡಬೇಕಲ್ಲ ಎಂದು ನಾನು. ಕೊನೆಗೆ ಅತ್ತೆಯವರೇ ತಮ್ಮ ಕೈಯಿಂದ ನಾಲ್ಕು ಬಳೆ ತೆಗೆದು "ಹಳೇದೇ ತಗೋ, ಹಟಮಾರಿ" ಎಂದು ತೊಡಿಸಿದರು.

ಬಯ್ಯಪ್ಪ ನಮ್ಮ ಬೀದಿಗೆ ಬಂದಾಗ ಸುಗುಣ ಕೈಕಾಲು ತೊಳೆದುಕೊಂಡು ಬಂದು ಕೂತಳು. ಅವನು ಹಾಗೇ ಮುಂದಿನ ಬೀದಿಗೆ ಹೋದ. "ನಮ್ಮನೇಗೆ ಬರ್ಲಿಲ್ಲ" ಅಂದಳು. "ಹೌದು" ಅಂದೆ. ಆ ದಿನವೂ ಊಟ ಮಾಡಲಿಲ್ಲ. ಎರಡನೆಯ ಸಲ ಬಂದಾಗ ಬಾಗಿಲವರೆಗೆ ಹೋಗಿ ನೋಡಿ ವಾಪಸ್ಸು ಬಂದಳು. ಮೊನ್ನೆ ಬಂದಾಗ ಆಡುತ್ತಿದ್ದ ಕಡೆಯಿಂದ ಏಳಲಿಲ್ಲ.

ನೀವು ಕೇಳಲಿಲ್ಲ, ಆದರೂ ಬರೆಯುತ್ತೇನೆ. ನಾನು ಅವರನ್ನು ಅಕ್ಕ ಎಂದು ಕರೆದದ್ದು ಬಾಯಿಮಾತಿಗಲ್ಲ. ನನಗೆ ಒಡಹುಟ್ಟಿದವರಿಲ್ಲ.

ನಿಮ್ಮ,
ವರಲಕ್ಷ್ಮಿ

*

ಶಿಡ್ಲಘಟ್ಟ
೨೪-೮-೧೯೫೮

ವರಲಕ್ಷ್ಮಿಗೆ ಆಶೀರ್ವಾದ.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಅದರ ಕೊನೆಯ ಎರಡು ಸಾಲಿಗೆ ಏನು ಬರೆಯಬೇಕೋ ತಿಳಿಯದೆ ಸುಮ್ಮನಿದ್ದೆ.

ಈ ವ್ರತ ಉಪವಾಸಕ್ಕಿಂತ ಕಷ್ಟ. ಹೊಟ್ಟೆ ಹಸಿದರೆ ಮಲಗಬಹುದು. ಕೈ ಹಸಿದರೆ ಏನು ಮಾಡುವುದು? ಸಂತೆಯ ದಿನ ನಾನು ಮನೆಯಲ್ಲಿದ್ದು ಸಾಮಾನಿಗೆ ಯಜಮಾನರನ್ನೇ ಕಳಿಸುತ್ತೇನೆ. ಅವರು ಕೊಳೆತ ಬದನೆಕಾಯಿ ತಂದು ಸುರಿಯುತ್ತಾರೆ, "ಇದೂ ಹೊಸದಲ್ಲ, ವ್ರತಕ್ಕೆ ಅಡ್ಡಿಯಿಲ್ಲ" ಎನ್ನುತ್ತಾರೆ.

ಬಯ್ಯಪ್ಪ ಒಂದು ದಿನ ಜಗುಲಿಯ ಮೇಲೆ ಗಂಟು ಇಳಿಸಿ ಬಿಚ್ಚತೊಡಗಿದ.

"ಬಿಚ್ಚಬೇಡಪ್ಪ" ಎಂದೆ.

"ನೋಡೋದಕ್ಕೆ ಕಾಸಿಲ್ಲ ಅಕ್ಕಾ. ಚೀರಾಲ ಕಡೆ ಮಾಲು. ಒಂದ್ಸಾರಿ ಚೂಡು."

"ನೋಡಿದ್ರೆ ಕಣ್ಣಿಗೆ ಕೈ ಮೊಳೀತದೆ. ಕಟ್ಟು."

"ಅಯ್ಯೋ ದೇವುಡಾ, ನೀನೊಬ್ಬಳು ನಿಲ್ಲಿಸಿದ ಮೇಲೆ ನನ್ನ ಗಂಟು ಇಳೀತಾನೇ ಇಲ್ಲ, ಬೆನ್ನು ಗೂನಾಯ್ತು" ಎಂದು ನಗಿಸಲು ನೋಡಿದ. ಆಮೇಲೆ ಮೆತ್ತಗೆ, "ಮಂಚೇನಹಳ್ಳಿ ಪಾಪಕ್ಕೂ ಏನೂ ಇಲ್ವಾ?" ಎಂದ. ಇಲ್ಲ ಎಂದೆ. ನೀರು ಕುಡಿದು ಗಂಟು ಕಟ್ಟಿಕೊಂಡು ಹೋದ.

ಒಂದು ಸಲ ಜಾರಿದೆ. ಚಿಂತಾಮಣಿಗೆ ಮದುವೆಗೆ ಹೋಗಿದ್ದೆ. ಬಸ್ಸಿಗೆ ಹೊತ್ತಿತ್ತು. ಜವಳಿ ಅಂಗಡಿಯ ಮುಂದೆ ಹಸಿರು ಚೌಕಳಿಯ ಬಟ್ಟೆ ನೇತುಹಾಕಿದ್ದರು. ನಾನು ಒಳಗೆ ಹೋದದ್ದೇ ನನಗೆ ತಿಳಿಯಲಿಲ್ಲ. ಅಂಗಡಿಯವನು ಬಟ್ಟೆ ಹರವಿ ಕತ್ತರಿ ಹಿಡಿದು "ಮಗು ಎಷ್ಟುದ್ದ ಇದೆಯಮ್ಮ?" ಎಂದ. ಸೊಂಟದ ಹತ್ತಿರ ಕೈಯಿಟ್ಟು ತೋರಿಸಿದೆ. ಆಮೇಲೆ ಅನುಮಾನ ಬಂತು. ಸ್ವಲ್ಪ ಮೇಲೆ ತೋರಿಸಿದೆ. "ಸರಿಯಾಗಿ ಹೇಳಮ್ಮ, ಕತ್ತರಿಸಿದ ಮೇಲೆ ವಾಪಸ್ಸು ತಗೊಳ್ಳಲ್ಲ" ಎಂದ. ಸುಗುಣ ಈಗ ಎಷ್ಟುದ್ದ ಇದ್ದಾಳೋ ನನಗೆ ಗೊತ್ತಿಲ್ಲ ವರಲಕ್ಷ್ಮಿ. ಬೇಡ ಎಂದು ಎದ್ದು ಬಂದೆ. ಅವನು ಏನೋ ಅಂದ, ಅನ್ನಲಿ.

ಇದರ ಜೊತೆ ಒಂದು ಗಂಟು ಬರುತ್ತದೆ. ಹೆದರಬೇಡ, ಹೊಸದಲ್ಲ. ರತ್ನ ಉಟ್ಟು ಮೆತ್ತಗಾದ ನೂಲಿನ ಸೀರೆಗಳು. ಪೆಟ್ಟಿಗೆಯಲ್ಲಿದ್ದವು. ಹುಟ್ಟಿದ ಮಗುವಿಗೆ ಹೊಸ ಬಟ್ಟೆ ಹಾಕುವುದಿಲ್ಲವಲ್ಲ, ಹಳೆಯದನ್ನೇ ಹರಿದು ಸುತ್ತುತ್ತಾರೆ. ನಾನೇ ಹರಿದು, ಒಗೆದು, ಮಡಿಸಿದ್ದೇನೆ. ಹರಿಯುವಾಗ ಶಬ್ದವಾಗುತ್ತದೆಂದು ಯಜಮಾನರು ಇಲ್ಲದ ಹೊತ್ತಿನಲ್ಲಿ ಹರಿದೆ. ಹಳೆಯದಕ್ಕೆ ಯಾರನ್ನೂ ಕರೆಯಬೇಕಾಗಿಲ್ಲ.

ಇಂತಿ,
ರತ್ನಳ ತಾಯಿ ಅಮ್ಮಾಜಮ್ಮ

*

ಮಂಡಿಕಲ್
೧೬-೧೧-೧೯೫೮

ಪೂಜ್ಯ ಅಮ್ಮನವರಿಗೆ ನಮಸ್ಕಾರಗಳು.

ತವರಿನಿಂದ ಬರೆಯುತ್ತಿದ್ದೇನೆ. ಗಂಡು ಮಗುವಾಗಿ ಎರಡು ತಿಂಗಳಾಯಿತು. ನಿಮಗೆ ಅವರು ಕಾರ್ಡು ಹಾಕಿದ್ದರಂತೆ. ನಿಮ್ಮ ಗಂಟಿನ ಬಟ್ಟೆಯಲ್ಲೇ ಮಗು ಮಲಗುತ್ತದೆ. ಯಾರ ಸೀರೆ ಎಂದು ಇಲ್ಲಿ ನಮ್ಮಮ್ಮನಿಗೂ ಹೇಳಲಿಲ್ಲ. ಕೇಳಿದರೆ ಹಿರಿಯರು ಏನಾದರೂ ಅನ್ನುತ್ತಾರೆ. ತುಂಬ ಮೆತ್ತಗಿದೆ ಅಮ್ಮ.

ಸುಗುಣಳನ್ನು ಮಂಚೇನಹಳ್ಳಿಯಲ್ಲೇ ಅತ್ತೆಯವರ ಹತ್ತಿರ ಬಿಟ್ಟು ಬರಬೇಕೆಂದಿತ್ತು. ನಾನು ಬಸ್ಸು ಹತ್ತಿದಾಗ ಬಾಗಿಲ ಕಂಬಿ ಹಿಡಿದುಕೊಂಡವಳು ಬಿಡಲಿಲ್ಲ. ಬೆರಳು ಒಂದೊಂದಾಗಿ ಬಿಡಿಸಿದರೂ ಮತ್ತೆ ಹಿಡಿದಳು. "ಹತ್ತಿಸ್ಕೊಳ್ಳಮ್ಮ ತಾಯಿ, ಬಸ್ಸೇ ಕಿತ್ಕೊಂಡು ಬಂದೀತು" ಎಂದು ಕಂಡಕ್ಟರ್ ಅಂದ. ಕರೆದುಕೊಂಡೇ ಬಂದೆ. ಇಲ್ಲಿ ತಮ್ಮನನ್ನು ಕಾಯುತ್ತಾಳೆ. ನೊಣ ಕೂತರೆ ಜಗಳಕ್ಕೆ ನಿಲ್ಲುತ್ತಾಳೆ. ಚೆನ್ನಾಗಿ ಉಣ್ಣುತ್ತಾಳೆ. ನನ್ನ ಎದೆಯ ಮಟ್ಟಕ್ಕೆ ಬರಲು ಇನ್ನೊಂದು ಗೇಣು. ಅವಳ ಉದ್ದ ಗೊತ್ತಿಲ್ಲವೆಂದು ಬರೆದಿದ್ದಿರಲ್ಲ, ಅದಕ್ಕೆ ಗೋಡೆಗೆ ನಿಲ್ಲಿಸಿ ನೋಡಿದೆ.

ಅವಳು ಇತ್ತೀಚೆಗೆ ನನ್ನನ್ನು

ಬರೆಯಲು ಹೋಗಿ ಮಗು ಅತ್ತಿತು. ಇನ್ನೊಮ್ಮೆ ಬರೆಯುತ್ತೇನೆ.

ನಿಮ್ಮ,
ವರಲಕ್ಷ್ಮಿ

*

ಶಿಡ್ಲಘಟ್ಟ
೭-೧೨-೧೯೫೮

ವರಲಕ್ಷ್ಮಿಗೆ ಆಶೀರ್ವಾದ.

ಗಂಡು ಮಗುವಿಗೆ ದೀರ್ಘಾಯುಸ್ಸಾಗಲಿ. ನೆತ್ತಿಗೆ ಹರಳೆಣ್ಣೆ ಬಿಡುವುದನ್ನು ಮರೆಯಬೇಡ. ನೀನು ತಣ್ಣೀರು ಮುಟ್ಟಬೇಡ.

ಅರ್ಧಕ್ಕೆ ಬಿಟ್ಟ ಮಾತನ್ನು ಬರೆಯಬೇಕಾಗಿಲ್ಲ. ನನಗೆ ತಿಳಿಯಿತು. ನಾಲ್ಕು ದಿನ ತಿಳಿಯದ ಹಾಗೆ ಇದ್ದೆ. ಐದನೆಯ ದಿನ ಕೈವಾರಕ್ಕೆ ಹೋಗಿ ದೇವರಿಗೆ ಕಾಯಿ ಒಡೆಸಿ ಬಂದೆ. ಏನೆಂದು ಹರಸಿಕೊಂಡೆ ಎಂದು ಯಜಮಾನರು ಕೇಳಿದರು. ಹೇಳಲಿಲ್ಲ. ಸುಗುಣ ನಿನ್ನನ್ನು ಹಾಗೆ ಕರೆಯುವುದು ನಿಲ್ಲದಿರಲಿ ಎಂದು ಕೇಳಿಕೊಳ್ಳಲು ಹೋಗಿದ್ದೆ, ಅಲ್ಲಿ ನಿಂತಾಗ ಬಾಯಿ ಬರಲಿಲ್ಲ. ಕಾಯಿ ಮಾತ್ರ ಒಡೆಸಿದೆ.

ಇಂತಿ,
ಅಮ್ಮಾಜಮ್ಮ

*

ಮಂಚೇನಹಳ್ಳಿ
೧೯-೪-೧೯೫೯

ಪೂಜ್ಯ ಅಮ್ಮನವರಿಗೆ ನಮಸ್ಕಾರಗಳು.

ಯುಗಾದಿ ಕಳೆಯಿತು. ನೀವು ಹಿಡಿದದ್ದನ್ನು ನಡೆಸಿದಿರಿ. ಅವರು "ನಮ್ಮತ್ತೆ ಮಾತಿಗೆ ನಿಂತರು" ಎಂದು ಅತ್ತೆಯವರ ಎದುರಿಗೇ ಅಂದರು. ಬರುವ ಭಾನುವಾರ ಸುಗುಣಳನ್ನು ಕರೆತಂದು ಹದಿನೈದು ದಿನ ಬಿಟ್ಟು ಬರುತ್ತಾರೆ. ನನ್ನ ಕೈಮಗು ಚಿಕ್ಕದು, ನಾನು ಬರಲಾರೆ.

ಅವಳಿಗೆ ನಾನು ಏನೂ ಹೇಳಿ ಕಳಿಸುತ್ತಿಲ್ಲ. ಹೇಳಬೇಕಾದದ್ದು ನಿಮ್ಮದು ಎಂದು ನನಗನ್ನಿಸುತ್ತದೆ. ನೀವು ಏನು ಹೇಳಿದರೂ ಅದೇ ನಮ್ಮ ಮನೆಯ ಮಾತು.

ಸುಗುಣಳಿಗೆ ಮೊಸರಿಲ್ಲದೆ ಊಟ ಸೇರುವುದಿಲ್ಲ.

ನಿಮ್ಮ,
ವರಲಕ್ಷ್ಮಿ

*

ಶಿಡ್ಲಘಟ್ಟ
೧೩-೫-೧೯೫೯

ಮಗಳು ವರಲಕ್ಷ್ಮಿಗೆ ಅಮ್ಮಾಜಮ್ಮನ ಆಶೀರ್ವಾದ.

ಸುಗುಣ ನಿನ್ನ ಮನೆ ಸೇರಿದಳು ಎಂದು ಅಳಿಯಂದಿರ ಕಾರ್ಡು ಬಂತು. ಇಲ್ಲಿ ಅವಳು ಆಡಿದ ಜಾಗವೆಲ್ಲ ಹಾಗೇ ಇದೆ, ಗುಡಿಸಿಲ್ಲ.

ಬಂದ ದಿನ ನನ್ನನ್ನು ನೋಡಿ ಅಪ್ಪನ ಹಿಂದೆ ಸರಿದಳು. ಸಂಜೆಗೆ ಹೊಂದಿಕೊಂಡಳು. ಹಿತ್ತಲಲ್ಲಿ ತಾತನ ಜೊತೆ ಕೂತು ನೂಲು ಬಿಚ್ಚುವ ಚರಕ ತಿರುಗುವುದನ್ನು ನೋಡುವುದು, ಮೂಗು ಮುಚ್ಚಿಕೊಳ್ಳುವುದು, ಆದರೂ ಅಲ್ಲಿಂದ ಏಳದಿರುವುದು. "ತಾತಾ, ನೀನು ಹಿಂಗೇ ನಾರ್ತಿದ್ರೆ ನಮ್ಮಮ್ಮ ಒಳಗೆ ಸೇರ್ಸಲ್ಲ" ಎಂದಳು. ಅವರು ಎಷ್ಟೋ ದಿನದ ಮೇಲೆ ಗಟ್ಟಿಯಾಗಿ ನಕ್ಕರು.

ನಮ್ಮಮ್ಮ, ನಮ್ಮಮ್ಮ. ಎದ್ದರೆ ನಮ್ಮಮ್ಮ, ಕೂತರೆ ನಮ್ಮಮ್ಮ. ನಮ್ಮಮ್ಮ ಹಿಂಗೆ ಜಡೆ ಹಾಕಲ್ಲ, ನಮ್ಮಮ್ಮ ಸಾರಿಗೆ ಇಷ್ಟು ಖಾರ ಹಾಕಲ್ಲ. ತಲೆ ಬಾಚುವಾಗ ಒಂದು ದಿನ ಕೇಳಿದೆ, "ನಿಮ್ಮಮ್ಮ ಒಳ್ಳೇವಳೇನಮ್ಮ?" ಎಂದು. ಅದಕ್ಕೆ ಅವಳು, "ಒಳ್ಳೇವ್ಳು ಅಜ್ಜಿ. ನಮ್ಮಮ್ಮ ಮೊದ್ಲು ಇರ್ಲಿಲ್ಲ. ಕರೆದ್ರೂ ಬರ್ತಿರ್ಲಿಲ್ಲ. ಆಮೇಲೆ ಬಂದ್ಳು" ಎಂದಳು. ಬಾಚಣಿಗೆ ಹಾಗೇ ಹಿಡಿದುಕೊಂಡಿದ್ದೆ. "ಎಳೀಬೇಡ, ನೋಯ್ತದೆ" ಎಂದಳು.

ಹೊರಡುವ ಹಿಂದಿನ ದಿನ ಅವಳನ್ನು ಗುಡಿಗೆ ಕರೆದುಕೊಂಡು ಹೋಗಿದ್ದೆ. ದಾರಿಯಲ್ಲಿ ಮುನಿಶಾಮಮ್ಮ ಸಿಕ್ಕಳು. ನಮ್ಮ ಹಳೆಯ ನೆರೆಯವಳು, ಈಗ ಮಗನ ಮನೆಯಲ್ಲಿರುವುದರಿಂದ ನಮ್ಮ ಬೀದಿಯ ಕಟ್ಟುಪಾಡು ಅವಳಿಗೆ ಗೊತ್ತಿಲ್ಲ. ಮಗುವಿನ ಗಲ್ಲ ಹಿಡಿದು "ಅಯ್ಯೋ ನನ್ನ ತಾಯಿ, ಥೇಟು ರತ್ನಮ್ಮಂದೇ ಮುಖ! ಮೂಗು, ಹಣೆ, ಎಲ್ಲಾ!" ಎಂದುಬಿಟ್ಟಳು. ಮೂರು ವರ್ಷದ ಮೇಲೆ ಆ ಹೆಸರು ಬೀದಿಯಲ್ಲಿ ಕೇಳಿದೆ. ಎಷ್ಟು ದಿನ ಕಾದಿದ್ದೆ ವರಲಕ್ಷ್ಮಿ. ನಿಂತು ಇನ್ನೆರಡು ಮಾತಾಡಿಸಬೇಕೆನಿಸಿತು. ಮಗುವಿನ ಕೈ ಹಿಡಿದುಕೊಂಡು ಬೇಗ ಬೇಗ ಮನೆಗೆ ಬಂದೆ.

ಮಕ್ಕಳು ಮರೆಯುವುದಿಲ್ಲ. ಊಟಕ್ಕೆ ಕೂತಾಗ ಕೇಳಿದಳು.

"ಅಜ್ಜೀ, ರತ್ನಮ್ಮ ಅಂದ್ರೆ ಯಾರು?"

ನಾನು ಬಡಿಸುತ್ತಿದ್ದೆ. ಯಜಮಾನರು ತುತ್ತು ಕೈಯಲ್ಲಿ ಹಿಡಿದು ಕೂತರು. ಎದ್ದು ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ತಟ್ಟೆ ನೋಡುತ್ತಾ, "ರತ್ನ ನಮ್ಮ ಮಗಳು ಕಣಮ್ಮ" ಎಂದರು.

ಸುಗುಣ ಒಪ್ಪಲಿಲ್ಲ. "ನಿಮ್ಮ ಮಗಳು ನಮ್ಮಮ್ಮ ಅಲ್ವಾ?"

"ಅವಳೂ ಮಗಳೇ" ಎಂದೆ. "ಇವಳು ದೊಡ್ಡವಳು."

"ನಮ್ಮಮ್ಮಂಗೆ ಅಕ್ಕನಾ?"

"ಹೂಂ. ಅಕ್ಕ."

ಬೆರಳು ನೆಕ್ಕುತ್ತಾ ಯೋಚನೆ ಮಾಡಿದಳು. "ಹಂಗಾದ್ರೆ ನಂಗೇನಾಗ್ಬೇಕು?"

ಯಜಮಾನರು ನನ್ನ ಮುಖ ನೋಡಿದರು. "ಹೇಳಬೇಕಾದದ್ದು ನಿಮ್ಮದು" ಎಂದು ನೀನು ಬರೆದಿದ್ದೆ. ಮಗು ನನ್ನ ಬಾಯನ್ನೇ ನೋಡುತ್ತಿತ್ತು, ಅವಳ ಅಮ್ಮನ ಮೂಗು, ಅವಳ ಅಮ್ಮನ ಹಣೆ.

"ದೊಡ್ಡಮ್ಮ ಆಗಬೇಕು ಕಣಮ್ಮ" ಎಂದೆ.

"ಎಲ್ಲವಳೆ ದೊಡ್ಡಮ್ಮ?"

"ತೀರಿಕೊಂಡಳು. ನೀನು ಚಿಕ್ಕೋಳಿದ್ದೆ."

"ಅಯ್ಯೋ ಪಾಪ" ಎಂದಳು. ಆಮೇಲೆ ಮೊಸರು ಕೇಳಿದಳು. ಹಾಕಿದೆ.

ಅವಳು ಬೆಳೆದು ತಿಳಿಯುವ ಕಾಲ ಬಂದಾಗ ಯಾರಾದರೂ ಹೇಳುತ್ತಾರೆ, ಊರಿಗೆ ಬಾಯಿ ಇದೆ. ಅಲ್ಲಿಯವರೆಗೆ ಶಿಡ್ಲಘಟ್ಟದಲ್ಲಿ ಒಂದು, ಮಂಚೇನಹಳ್ಳಿಯಲ್ಲಿ ಒಂದು ಆಗಬಾರದು. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆದಿದ್ದೇನೆ. ಅಳಿಯಂದಿರಿಗೂ ನಿಮ್ಮತ್ತೆಗೂ ಓದಿ ಹೇಳು. ಸುಗುಣ ಕೇಳಿದರೆ ನೀನೂ ದೊಡ್ಡಮ್ಮ ಎಂದೇ ಹೇಳು. ನಿನ್ನ ಮಗನಿಗೆ ಮಾತು ಬಂದಾಗ ಅವನಿಗೂ ಹಾಗೆಯೇ ಕಲಿಸು.

ಇಂತಿ ನಿನ್ನ ತಾಯಿ,
ಅಮ್ಮಾಜಮ್ಮ